ವಿಶ್ವಕೋಶದ ಲೇಖನವೂ ಪಾಠಪರಿಶೀಲನೆಯೂ: ಬಹಮನಿ ಮೂರನೆಯ ಮುಹಮ್ಮದಷಹ ಮತ್ತು ಬೆಳಗಾವಿಯ ಬಸದಿಗಳು

ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ, ಮಲಪ್ರಭೆಯ ದಡದಲ್ಲಿ, ಎಂ.ಕೆ. ಹುಬ್ಬಳ್ಳಿ ಎಂಬ ಊರಿದೆ. ಈ ಎರಡಕ್ಷರಗಳ ವಿಸ್ತಾರರೂಪ ಮುಗುಟಖಾನ ಹುಬ್ಬಳ್ಳಿ. ಊರಿನ ಹೆಸರಿನಲ್ಲಿ ಒಬ್ಬ ಖಾನನ ನೆನಪು ನಿಂತಿದೆ. ಊರ ಮಗ್ಗುಲ ನದಿಯಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಮಂಟಪವಿದೆ. ಕಿತ್ತೂರಿನ ಸಮೀಪದ ದೇಗಾಂವೆಯಲ್ಲಿ ಕದಂಬರ ಕಾಲದ ಕಮಲನಾರಾಯಣ ದೇಗುಲವಿದೆ. ಪಶ್ಚಿಮಕ್ಕೆ ಸರಿದರೆ, ಆದಿಕದಂಬರು ಜಿನಾಲಯಗಳಿಗೆ ಕೊಟ್ಟ ದತ್ತಿಗಳ ತಾಮ್ರಪಟಗಳು ದೊರೆತ ಹಲಸಿ. ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟು ಪದರಗಳು ಒಂದರ ಮೇಲೊಂದು ಕೂತಿರುವಾಗ, ಇಲ್ಲಿನ ಮಧ್ಯಯುಗದ ಒಬ್ಬ ಮುಸಲ್ಮಾನ ಅರಸನನ್ನು ಕುರಿತು ವಿಶ್ವಕೋಶಕ್ಕೆ ಒಂದು ಪುಟ ಬರೆಯುವುದೂ, ಬರೆದುದನ್ನು ಪರಿಶೀಲಿಸುವುದೂ ಸುಲಭದ ಕೆಲಸವಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂದ ಮೇಲೆ ಕನ್ನಡದಲ್ಲಿ ಈ ಬಗೆಯ ಬರವಣಿಗೆಗೆ ಒಂದು ಶಿಸ್ತು ಬಂದಿತು. ವಿಶ್ವಕೋಶದ ಲೇಖನವನ್ನು ವಿದ್ಯಾರ್ಥಿಯೂ ಉಪಾಧ್ಯಾಯನೂ ಆಧಾರವೆಂದು ಸ್ವೀಕರಿಸುತ್ತಾರೆ. ಮುಂದಿನ ಪುಸ್ತಕಗಳು ಅದರಿಂದ ಎತ್ತಿಕೊಳ್ಳುತ್ತವೆ. ಅದರಲ್ಲಿ ನುಸುಳಿದ ತಪ್ಪು ಒಂದು ಪ್ರತಿಯ ತಪ್ಪಾಗಿ ಉಳಿಯದೆ ಒಂದು ಪ್ರತಿಸಂತಾನದ ತಪ್ಪಾಗುತ್ತದೆ. ಹಸ್ತಪ್ರತಿಗಳೊಡನೆ ಪಳಗಿದವರಿಗೆ ಈ ರೋಗದ ಲಕ್ಷಣ ಚೆನ್ನಾಗಿ ಗೊತ್ತು. ಮೂಲ ಯಾವುದು, ಯಾವ ಪ್ರತಿಯಿಂದ ಯಾವ ಪ್ರತಿ ಹುಟ್ಟಿತು, ಪ್ರಕ್ಷಿಪ್ತ ಎಲ್ಲಿ ಸೇರಿತು ಎಂಬ ಗ್ರಂಥಸಂಪಾದನೆಯ ಪ್ರಶ್ನೆಗಳೇ ಇಲ್ಲಿಯೂ ಕೇಳಬೇಕಾದ ಪ್ರಶ್ನೆಗಳು. ಬೆಳಗಾವಿಯ ಕೋಟೆಯನ್ನು 1472ರಲ್ಲಿ ಗೆದ್ದ ಬಹಮನಿ ಸುಲ್ತಾನ ಮೂರನೆಯ ಮುಹಮ್ಮದಷಹನ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ. ಆ ಕೋಟೆಯೊಳಗೆ ಕಮಲಬಸದಿ ಇರುವುದರಿಂದಲೂ, ಆ ಕೋಟೆಯ ಕಲ್ಲುಗಳೊಡನೆ ನೂರೆಂಟು ಬಸದಿಗಳ ಐತಿಹ್ಯ ತಳುಕುಹಾಕಿಕೊಂಡಿರುವುದರಿಂದಲೂ ಜೈನ ವಿದ್ವಾಂಸರಿಗೆ ಈ ಪರಿಶೀಲನೆ ಹೊರಗಿನದಲ್ಲ.

ಮೊದಲನೆಯದು ಹೆಸರಿನ ತೊಡಕು. ಈ ಅರಸನನ್ನು ಕೆಲವು ಗ್ರಂಥಗಳು ಎರಡನೆಯ ಮುಹಮ್ಮದನೆಂದೂ ಕೆಲವು ಮೂರನೆಯ ಮುಹಮ್ಮದನೆಂದೂ ಕರೆಯುತ್ತವೆ. ಇಬ್ಬರು ಅರಸರಿದ್ದರೆಂದು ಭ್ರಮಿಸಬಾರದು. 1378ರಿಂದ 1397ರವರೆಗೆ ಆಳಿದ ಬಹಮನಿ ಅರಸನನ್ನು ಫಿರಿಸ್ತಾ ‘ಮಹಮೂದ್’ ಎಂದು ಬರೆದನು. ಆದರೆ ಆ ಅರಸನ ನಾಣ್ಯಗಳ ಮೇಲೆ ಇರುವ ಹೆಸರು ‘ಮುಹಮ್ಮದ್’. ಫಿರಿಸ್ತಾನ ಗ್ರಂಥವನ್ನು ಬ್ರಿಗ್ಸನು ಇಂಗ್ಲಿಷಿಗೆ ಅನುವಾದಿಸಿ 1829ರಲ್ಲಿ ಪ್ರಕಟಿಸಿದ ಮೇಲೆ ಆ ಎಣಿಕೆಯೇ ಹಳೆಯ ಗ್ರಂಥಗಳಲ್ಲಿ ನೆಲೆಸಿತು. ನಾಣ್ಯಗಳ ಸಾಕ್ಷ್ಯವನ್ನು ಒಪ್ಪಿದ ಮೇಲೆ ಎಣಿಕೆ ಒಂದರಷ್ಟು ಮುಂದೆ ಸರಿದು, ಬೆಳಗಾವಿಯನ್ನು ಗೆದ್ದ ಅರಸನು ಮೂರನೆಯವನಾದನು. ಹಳೆಯ ಪುಸ್ತಕದಿಂದ ಒಂದು ವಾಕ್ಯವನ್ನೂ ಹೊಸ ಪುಸ್ತಕದಿಂದ ಇನ್ನೊಂದನ್ನೂ ಎತ್ತಿಕೊಂಡ ಲೇಖಕನು ಒಬ್ಬ ಅರಸನ ಕೃತ್ಯಗಳನ್ನು ಇಬ್ಬರಿಗೆ ಹಂಚುವ ಅಪಾಯವಿದೆ. ಪರಿಶೀಲಕನು ಪ್ರತಿಯೊಂದು ಉಲ್ಲೇಖದ ಬಳಿಯಲ್ಲೂ ಆಳ್ವಿಕೆಯ ವರ್ಷಗಳನ್ನು, ಅಂದರೆ 1463ರಿಂದ 1482 ಎಂಬುದನ್ನು, ಹಿಡಿದು ನೋಡಬೇಕು; ಸಂಖ್ಯೆಯನ್ನು ಮಾತ್ರ ನಂಬಬಾರದು.

ಎರಡನೆಯದು ಕಾಲನಿರ್ಣಯ. ಬೆಳಗಾವಿಯ ಮುತ್ತಿಗೆಗೆ 1472 ಎಂದೂ 1473 ಎಂದೂ ಎರಡು ವರ್ಷಗಳು ಪುಸ್ತಕಗಳಲ್ಲಿ ಕಾಣುತ್ತವೆ. ಹಿಜರಿ 877ನೆಯ ವರ್ಷ 1472ರ ಜೂನ್ ತಿಂಗಳಲ್ಲಿ ಆರಂಭವಾಗಿ 1473ರ ಮೇ ತಿಂಗಳಲ್ಲಿ ಮುಗಿಯುತ್ತದೆ. ತಿಂಗಳನ್ನು ಬಿಟ್ಟು ಬರೀ ಹಿಜರಿ ವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸಿದರೆ ಇಂಥ ಇಬ್ಬಗೆ ಅನಿವಾರ್ಯ. ಮಹಮೂದ್ ಗವಾನನು ಗೋವೆಯನ್ನು ಗೆದ್ದದ್ದು 1472ರ ಫೆಬ್ರವರಿಯಲ್ಲಿ. ಅದನ್ನು ಮರಳಿ ಪಡೆಯಲು ವಿಜಯನಗರದ ಪ್ರೇರಣೆಯಿಂದ ಬೆಳಗಾವಿಯ ಮತ್ತು ಬಂಕಾಪುರದ ನಾಯಕರು ಯತ್ನಿಸಿದ್ದೇ ಬೆಳಗಾವಿಯ ಮೇಲಿನ ದಂಡಯಾತ್ರೆಗೆ ಕಾರಣ. ಈ ಕಾರ್ಯಕಾರಣ ಸಂಬಂಧವೇ ಯಾತ್ರೆಯನ್ನು 1472ಕ್ಕೆ ಹತ್ತಿರ ನಿಲ್ಲಿಸುತ್ತದೆ.

ಈ ತೊಡಕು ಶಾಸನಾಭ್ಯಾಸಿಗಳಿಗೆ ಅಪರಿಚಿತವಲ್ಲ. ಬೆಳಗಾವಿಯ ರಟ್ಟ ಜಿನಾಲಯದ ಶಾಸನಗಳಲ್ಲಿ ಶಕ 1127, ರಕ್ತಾಕ್ಷಿ ಸಂವತ್ಸರ ಎಂದಿದೆ. ಶಕವರ್ಷಕ್ಕೆ 78ನ್ನು ಕೂಡಿಸುವ ರೂಢಿಯಂತೆ ಲೆಕ್ಕಹಾಕಿದರೆ 1205 ಬರುತ್ತದೆ. ಆದರೆ ರಕ್ತಾಕ್ಷಿ ಸಂವತ್ಸರ ಬೀಳುವುದು 1204ರಲ್ಲಿ. ಅಲ್ಲಿಯ ಶಕವರ್ಷ ಗತವಲ್ಲ, ವರ್ತಮಾನ ಎಂದು ತಿಳಿದಾಗ ಎರಡೂ ಕೂಡಿಬರುತ್ತವೆ. ಶಕವರ್ಷಕ್ಕೆ ಸಂವತ್ಸರವು ಹೇಗೆ ಒರೆಗಲ್ಲೋ ಹಿಜರಿ ವರ್ಷಕ್ಕೆ ತಿಂಗಳು ಮತ್ತು ಘಟನೆಗಳ ಕ್ರಮ ಹಾಗೆ ಒರೆಗಲ್ಲು.

ಮೂರನೆಯದು ಆಕರಗಳ ತಾರತಮ್ಯ. ಫಿರಿಸ್ತಾ ತನ್ನ ಗ್ರಂಥವನ್ನು ಬಿಜಾಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲಷಹನ ಆಶ್ರಯದಲ್ಲಿ, 17ನೆಯ ಶತಮಾನದ ಆರಂಭದಲ್ಲಿ ಬರೆದನು. ಬುರ್ಹಾನ್-ಇ-ಮಾಸಿರ್ ಎಂಬ ಗ್ರಂಥ ಅಹಮದನಗರದ ಆಸ್ಥಾನದಲ್ಲಿ 16ನೆಯ ಶತಮಾನದ ಕೊನೆಯಲ್ಲಿ ಸಿದ್ಧವಾಯಿತು. ಎರಡೂ ಮುತ್ತಿಗೆಗಿಂತ ಶತಮಾನಕ್ಕೂ ಹೆಚ್ಚು ಕಾಲ ತರುವಾಯದವು. ಮಹಮೂದ್ ಗವಾನನ ಪತ್ರಸಂಗ್ರಹವಾದ ರಿಯಾಜ಼ುಲ್ ಇನ್‌ಷಾ ಮಾತ್ರ ಸಮಕಾಲೀನ. ಆದರೆ ಅದು ಗೆದ್ದ ಮಂತ್ರಿಯ ಲೇಖನಿ. ನಮ್ಮ ಶಾಸನಗಳ ಪ್ರಶಸ್ತಿಭಾಗವನ್ನು ಓದುವಾಗ ಯಾವ ಎಚ್ಚರ ಬೇಕೋ ಅದೇ ಎಚ್ಚರ ಆ ಪತ್ರಗಳಿಗೂ ಬೇಕು. ಇನ್ನೂ ಒಂದು ಮಾತು: ಬೆಳಗಾವಿಯ ನಾಯಕನ ಹೆಸರು ಒಂದೆಡೆ ‘ಬಿರ್ಕಾನ’ ಎಂದೂ ಇನ್ನೊಂದೆಡೆ ‘ಪರ್ಕೇತ’ ಎಂದೂ ಓದಲ್ಪಟ್ಟಿದೆ. ಪಾರಸೀ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ‘ಬ’ಕಾರ ‘ಪ’ಕಾರಗಳ ನಡುವಣ ಭೇದ ಚುಕ್ಕೆಗಳದು ಮಾತ್ರ. ಚುಕ್ಕೆ ಅಳಿದರೆ ಪಾಠವೂ ಅಳಿಯಿತು. ಓಲೆಗರಿಯಲ್ಲಿ ಒತ್ತಕ್ಷರ ಸವೆದಾಗ ಸಂಪಾದಕನು ಊಹೆಯನ್ನು ಮೂಲದೊಳಗೆ ಸೇರಿಸದೆ ಎರಡು ಪಾಠಗಳನ್ನೂ ಕೆಳಗೆ ಕೊಡುವಂತೆ, ವಿಶ್ವಕೋಶವೂ ಎರಡು ರೂಪಗಳನ್ನೂ ಕೊಟ್ಟು ಸುಮ್ಮನಿರಬೇಕು. ಆ ನಾಯಕನಿಗೆ ಒಂದು ಚೆಂದದ ಕನ್ನಡ ಹೆಸರನ್ನು ಕಲ್ಪಿಸುವುದೂ, ಅವನನ್ನು ರಟ್ಟವಂಶಕ್ಕೆ ಸೇರಿಸುವುದೂ ಸಲ್ಲದು. ರಟ್ಟರ ಆಳ್ವಿಕೆ 13ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ದೇವಗಿರಿಯ ಸೇವುಣರ ಕೈಯಲ್ಲಿ ಮುಗಿದುಹೋಗಿತ್ತು.

ಮುತ್ತಿಗೆಯ ಕಥನದ ಮುಖ್ಯಾಂಶಗಳು ಇಷ್ಟು. ಕೋಟೆ ಬಲವಾಗಿತ್ತು, ಸುತ್ತಲೂ ಆಳವಾದ ನೀರಿನ ಕಂದಕವಿತ್ತು. ಮದ್ದು ತುಂಬಿದ ಸುರಂಗಗಳಿಂದ ಗೋಡೆಯನ್ನು ಒಡೆಯಲಾಯಿತು. ದಖ್ಖಣದಲ್ಲಿ ಈ ಉಪಾಯ ಅಲ್ಲಿಯವರೆಗೆ ಹೊಸತೆಂದು ಫಿರಿಸ್ತಾ ಹೇಳುತ್ತಾನೆ. ನಾಯಕನು ದೂತನ ವೇಷದಲ್ಲಿ ಸುಲ್ತಾನನ ಸನ್ನಿಧಿಗೆ ಬಂದು ಶರಣಾದನು. ಅವನಿಗೆ ಪ್ರಾಣಭಯ ತಪ್ಪಿತು. ಕೋಟೆಯೂ ಸೀಮೆಯೂ ಗವಾನನ ಜಹಗೀರಿಗೆ ಸೇರಿದುವು. ಸುಲ್ತಾನನು ‘ಲಷ್ಕರಿ’ ಎಂಬ ಬಿರುದನ್ನು ಧರಿಸಿದನು. ಅದೇ ದಂಡಯಾತ್ರೆಯಲ್ಲಿ, ಬಾಲ್ಯದಿಂದಲೂ ರಾಜ್ಯಭಾರದಲ್ಲಿ ಅವನಿಗೆ ಆಸರೆಯಾಗಿದ್ದ ತಾಯಿ ತೀರಿಕೊಂಡಳು. ಶವವನ್ನು ಬೀದರಕ್ಕೆ ಕಳುಹಿಸಲಾಯಿತು. ಒಂಬತ್ತು ಹತ್ತರ ಎಳವೆಯಲ್ಲಿ ಪಟ್ಟಕ್ಕೆ ಬಂದ ಈ ಅರಸನಿಗೆ ಬೆಳಗಾವಿಯ ಗೆಲುವಿನ ಹೊತ್ತಿಗೆ ಇಪ್ಪತ್ತೂ ತುಂಬಿರಲಿಲ್ಲ. ಯಾವ ಕೃತ್ಯ ಅರಸನದು, ಯಾವುದು ಮಂತ್ರಿಯದು ಎಂಬ ವಿವೇಚನೆಯಿಲ್ಲದೆ ಬರೆದ ಲೇಖನ ಅಪೂರ್ಣ. ಆ ಮಂತ್ರಿಯನ್ನೇ ಕೂಟಪತ್ರವೊಂದನ್ನು ನಂಬಿ 1481ರ ಏಪ್ರಿಲಿನಲ್ಲಿ ಕೊಲ್ಲಿಸಿ, ಮರುವರ್ಷ ತಾನೂ ಗತಿಸಿದನೆಂಬುದನ್ನು ಮುಚ್ಚುವಂತಿಲ್ಲ. ಕೊಂಡಪಲ್ಲಿಯಲ್ಲಿ ದೇವಾಲಯವನ್ನು ಕೆಡಹಿಸಿ ಅರ್ಚಕರನ್ನು ಕೊಂದನೆಂದು ಫಿರಿಸ್ತಾ ಬರೆದುದನ್ನೂ ಮುಚ್ಚುವಂತಿಲ್ಲ.

ಇಷ್ಟಾದ ಮೇಲೆ ಬಸದಿಗಳ ಪ್ರಶ್ನೆ. ಬೆಳಗಾವಿಯಲ್ಲಿ ನೂರೆಂಟು ಬಸದಿಗಳಿದ್ದುವೆಂದೂ ಅವುಗಳ ಕಲ್ಲುಗಳಿಂದ ಕೋಟೆಯನ್ನು ಕಟ್ಟಿದರೆಂದೂ ಐತಿಹ್ಯ. ಕೋಟೆಯ ಗೆಲುವು ಮುಹಮ್ಮದನದಾದ್ದರಿಂದ ಬಸದಿಗಳ ನಾಶವನ್ನೂ ಅವನ ಹೆಸರಿಗೆ ಬರೆಯಬೇಕೆಂಬ ಆಸೆ ಸಹಜ. ಆದರೆ ಐತಿಹ್ಯವು ಕಟ್ಟಡದ ಕರ್ತೃತ್ವವನ್ನು ಕಟ್ಟುವುದು ಆದಿಲಷಾಹಿ ಸರದಾರ ಅಸದಖಾನನಿಗೆ. ಅವನು 16ನೆಯ ಶತಮಾನದವನು, ತೀರಿಕೊಂಡದ್ದು 1549ರಲ್ಲಿ. ಮುಹಮ್ಮದನು 1472ರಲ್ಲಿ ಮುತ್ತಿದಾಗ ಕಂದಕ ಸಹಿತವಾದ ಬಲವಾದ ಕೋಟೆ ಆಗಲೇ ಅಲ್ಲಿತ್ತು. ಆದ್ದರಿಂದ ಐತಿಹ್ಯವನ್ನು ನಂಬಿದರೂ ಅದು ಈ ಅರಸನ ಲೇಖನಕ್ಕೆ ಸೇರದು, ನಂಬದಿದ್ದರಂತೂ ಸೇರದು. ಮುತ್ತಿಗೆಯ ಕಥನದೊಳಗೆ ಅದನ್ನು ಇಟ್ಟರೆ ಅದು ಶುದ್ಧ ಪ್ರಕ್ಷಿಪ್ತ.

ನೂರೆಂಟು ಎಂಬ ಸಂಖ್ಯೆಯನ್ನೂ ವಿಚಾರಿಸಬೇಕು. ತತ್ತ್ವಾರ್ಥಸೂತ್ರವನ್ನು ಓದಿದವರಿಗೆ ಜೀವಾಧಿಕರಣದ ಭೇದಗಳು ನೆನಪಿರುತ್ತವೆ: ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮೂರು ಯೋಗಗಳಿಂದಲೂ, ಕೃತ ಕಾರಿತ ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಬರುವುದು ನೂರೆಂಟು. ಜಪಮಾಲೆಯ ಮಣಿಗಳೂ ನೂರೆಂಟು. ಐತಿಹ್ಯದಲ್ಲಿ ಇಂಥ ಸಂಖ್ಯೆ ‘ಬಹಳ’ ಎಂಬರ್ಥವನ್ನೂ ಪಾವಿತ್ರ್ಯವನ್ನೂ ಸೂಚಿಸುತ್ತದೆ. ಎಣಿಸಿ ನೋಡಿದ ಲೆಕ್ಕವನ್ನಲ್ಲ.

ಹಾಗಾದರೆ ಐತಿಹ್ಯವೆಲ್ಲ ಬರಿಯ ಮಾತೇ? ಅಲ್ಲ. ಬೆಳಗಾವಿ, ಅಂದಿನ ವೇಣುಗ್ರಾಮ, ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಜೈನಧರ್ಮದ ಪ್ರಬಲ ನೆಲೆಯಾಗಿತ್ತು. ಬೀಚಣನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ, ಆಚಾರ್ಯ ಶುಭಚಂದ್ರ ಭಟ್ಟಾರಕರಿಗೆ, 1204ರಲ್ಲಿ ದತ್ತಿ ಸಂದುದನ್ನು ಎರಡು ಶಾಸನಗಳು ಹೇಳುತ್ತವೆ. ಪಾರ್ಶ್ವನಾಥಪುರಾಣದ ಕವಿ ಪಾರ್ಶ್ವಪಂಡಿತನು ರಟ್ಟರ ಆಶ್ರಯದವನೇ. ಆ ಎರಡು ಶಾಸನಶಿಲೆಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬಾರ್ನೆಟ್ಟನು ಅವನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಸಂಪಾದಿಸಿದನು. ಕೋಟೆಯ ಸಫಾ ಮಸೀದಿಯಲ್ಲಿ ಹಿಂದಿನ ಕಟ್ಟಡದಿಂದ ಬಂದ ಶಾಸನಯುಕ್ತ ಕಂಬಗಳಿವೆ. ಅಂದಮೇಲೆ ಹಳೆಯ ಕಟ್ಟಡಗಳು ಕಳಚಿಹೋದುದೂ ಅವುಗಳ ಕಲ್ಲು ಬೇರೆಡೆ ಬಳಕೆಯಾದುದೂ ನಿಜ. ಆದರೆ ಕಂಬವು ತಾನು ಎಲ್ಲಿಂದ ಬಂದೆನೆಂದು ಹೇಳಬಹುದು. ಯಾರು, ಯಾವಾಗ, ಏಕೆ ಕಿತ್ತರೆಂದು ಹೇಳುವುದಿಲ್ಲ. 1204ಕ್ಕೂ 1472ಕ್ಕೂ ನಡುವೆ 268 ವರ್ಷಗಳಿವೆ. ರಟ್ಟರು ಹೋಗಿ ಸೇವುಣರು ಬಂದರು. ಸೇವುಣರು ಹೋದ ಮೇಲೆ ಈ ಸೀಮೆ ಕೈಯಿಂದ ಕೈಗೆ ಸಾಗಿತು. ಆ ಇಡೀ ಅವಧಿಯ ಹಾನಿಯನ್ನು ಒಬ್ಬನ ಲೆಕ್ಕಕ್ಕೆ ಹಾಕುವುದು ಇತಿಹಾಸವಲ್ಲ.

ಇದಕ್ಕೆ ಎದುರಾಗಿ ಕಮಲಬಸದಿ ನಿಂತಿದೆ. ಬಹಮನಿ, ಆದಿಲಷಾಹಿ, ಮೊಗಲ, ಮರಾಠ, ಇಂಗ್ಲಿಷ್ ಸೈನ್ಯಗಳು ಒಂದಾದ ಮೇಲೊಂದು ಬೀಡುಬಿಟ್ಟ ಕೋಟೆಯೊಳಗೇ ನೇಮಿನಾಥಸ್ವಾಮಿಯ ಆ ಬಸದಿ, ತನಗೆ ಹೆಸರು ತಂದ ಕಮಲದ ಭುವನೇಶ್ವರಿಯ ಸಹಿತ, ಉಳಿದುಬಂದಿದೆ. ಇದರಿಂದ ಸುಲ್ತಾನರು ಬಸದಿಗಳನ್ನು ಕಾಪಾಡಿದರೆಂದು ಬರೆಯುವುದೂ ಅಷ್ಟೇ ತಪ್ಪು. ಉಳಿದದ್ದು ಉಳಿದಿದೆ ಎಂಬಷ್ಟೇ ಆಧಾರ. ಉದ್ದೇಶವನ್ನು ಅದು ಸಾರುವುದಿಲ್ಲ. ನಿಂದೆಗೆ ಎಷ್ಟು ಪ್ರಮಾಣ ಬೇಕೋ ಸ್ತುತಿಗೂ ಅಷ್ಟೇ ಪ್ರಮಾಣ ಬೇಕು.

ಈ ಪರಿಶೀಲನೆಯ ಫಲವಾಗಿ ವಿಶ್ವಕೋಶದ ಕಂಡಿಕೆ ಹೀಗೆ ನಿಲ್ಲಬಹುದು: ಮೂರನೆಯ ಮುಹಮ್ಮದಷಹ, ಹಳೆಯ ಗ್ರಂಥಗಳ ಎಣಿಕೆಯಲ್ಲಿ ಎರಡನೆಯವನು, ಆಳ್ವಿಕೆ 1463–1482, ಮಂತ್ರಿ ಮಹಮೂದ್ ಗವಾನನೊಡನೆ 1472ರಲ್ಲಿ ಬೆಳಗಾವಿಯನ್ನು ಗೆದ್ದನು, ನಾಯಕನ ಹೆಸರು ಆಕರಭೇದದಿಂದ ಎರಡು ರೂಪಗಳಲ್ಲಿ ದೊರೆಯುತ್ತದೆ. ಬಸದಿಗಳ ಐತಿಹ್ಯಕ್ಕೆ ತಕ್ಕ ಸ್ಥಳ ಬೆಳಗಾವಿ ಕೋಟೆಯನ್ನು ಕುರಿತ ಲೇಖನ. ಅಲ್ಲಿಯೂ ಐತಿಹ್ಯವೆಂಬ ಹೆಸರಿನಿಂದಲೇ, 1204ರ ಶಾಸನಗಳ ಮಾತಿನ ಜೊತೆಯಲ್ಲಿ.

ಹೀಗೆ ಬಿಟ್ಟುಕೊಟ್ಟರೆ ಜೈನ ಪರಂಪರೆಗೆ ನಷ್ಟವೆಂದು ಶಂಕಿಸಬೇಕಾಗಿಲ್ಲ. ನೂರೆಂಟು ಬಸದಿಗಳ ಮಾತನ್ನು ಯಾರಾದರೂ ಒಂದು ಪ್ರಶ್ನೆಯಿಂದ ಅಲ್ಲಗಳೆಯಬಲ್ಲರು. ಬೀಚಣನ ಒಂದು ಜಿನಾಲಯವನ್ನು, ಅದರ ಸಂವತ್ಸರವನ್ನು, ಅದರ ಆಚಾರ್ಯರ ಹೆಸರನ್ನು ಅಲ್ಲಗಳೆಯಲಾರರು.