ಆದಿಕಾಂಡದ ಅಕ್ಷರಾರ್ಥ ವ್ಯಾಖ್ಯಾನ

ಉತ್ತರ ಆಫ್ರಿಕದ ಹಿಪ್ಪೊ (ಇಂದಿನ ಅಲ್ಜೀರಿಯದ ಅನ್ನಾಬ) ನಗರದ ಬಿಷಪ್ ಸಂತ ಅಗಸ್ಟೀನ್ (354–430) ಐದನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್‌ನಲ್ಲಿ ಬರೆದ, 12 ಭಾಗಗಳ ಬೈಬಲ್ ವ್ಯಾಖ್ಯಾನ. ಸೃಷ್ಟಿಯ ಆರು ದಿನಗಳನ್ನು ಇದು ನಮ್ಮ ಹಗಲು-ರಾತ್ರಿಗಳ ದಿನಗಳೆಂದು ಎಣಿಸುವುದಿಲ್ಲ. ಸೂರ್ಯನೇ ನಾಲ್ಕನೆಯ ದಿನ ಹುಟ್ಟಿದ ಮೇಲೆ ಎಣಿಸುವುದಾದರೂ ಹೇಗೆ? ದೇವರು ಎಲ್ಲವನ್ನೂ ಒಮ್ಮೆಗೇ ಸೃಷ್ಟಿಸಿ, ಕಾಲಕ್ರಮದಲ್ಲಿ ಮೈದೋರಬೇಕಾದ ಜೀವಿಗಳನ್ನು ಬೀಜರೂಪದಲ್ಲಿ ಇರಿಸಿದ ಎಂಬುದು ಅಗಸ್ಟೀನನ ನಿಲುವು. ಇದನ್ನು ವಿಕಾಸವಾದದ ಮುನ್ಸೂಚನೆ ಎನ್ನುವುದು ಅತಿಶಯೋಕ್ತಿ. ಹೆಚ್ಚು ಬಾಳಿದ್ದು ಮೊದಲ ಭಾಗದ ಎಚ್ಚರಿಕೆ: ಭೂಮಿ, ಆಕಾಶ, ನಕ್ಷತ್ರಗಳ ಚಲನೆಯ ಬಗ್ಗೆ ಅನ್ಯರು ಖಚಿತವಾಗಿ ಬಲ್ಲದ್ದನ್ನು ಕ್ರೈಸ್ತರು ಧರ್ಮಗ್ರಂಥದ ಹೆಸರಿನಲ್ಲಿ ಅಲ್ಲಗಳೆದರೆ ನಗೆಪಾಟಲಾಗುವುದು ಆ ಗ್ರಂಥವೇ. 1615ರಲ್ಲಿ ಗ್ರ್ಯಾಂಡ್ ಡಚೆಸ್ ಕ್ರಿಸ್ಟೀನಾಳಿಗೆ ಬರೆದ ಪತ್ರದಲ್ಲಿ ಗೆಲಿಲಿಯೊ ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ತನ್ನ ನಿಲುವಿನ ಸಮರ್ಥನೆಗೆ ಈ ಕೃತಿಯನ್ನೇ ಮತ್ತೆ ಮತ್ತೆ ಆಧರಿಸಿದ.