ಮೊದಲಿಗರ ಹಿಂದೆ ನಿಂತವರು: ನಮ್ಮ ಸೀಮೆಯ ಕ್ರೀಡಾ ಇತಿಹಾಸದ ಕೆಲವು ಮೈಲಿಗಲ್ಲುಗಳು

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ‘ಭಾರತದ ಪ್ರಥಮರು’ ಎಂಬ ಪುಟವೊಂದು ಇದ್ದೇ ಇರುತ್ತದೆ. ನಮ್ಮ ವಿದ್ಯಾರ್ಥಿಗಳು ಅಲ್ಲಿನ ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಗಳಿಸುತ್ತಾರೆ. ಆದರೆ ಆ ಪುಟದಲ್ಲಿರುವ ಕ್ರೀಡಾಪಟುಗಳಲ್ಲಿ ಹಲವರು ಸಮಡೋಳಿಯಿಂದ ಕೆಲವೇ ಹರದಾರಿ ದೂರದಲ್ಲಿ, ಇದೇ ಕೃಷ್ಣಾ–ವಾರಣಾ ಸೀಮೆಯಲ್ಲಿ ಹುಟ್ಟಿದವರೆಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ನಮ್ಮ ಶಾಲೆಯು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಸಂದರ್ಭದಲ್ಲಿ, ಈ ಶತಮಾನದ ಅವಧಿಯಲ್ಲಿಯೇ ನಡೆದ ಆ ಸಾಧನೆಗಳನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ಭಾರತವು ತನ್ನ ಪ್ರಥಮ ಟೆಸ್ಟ್ ಪಂದ್ಯವನ್ನು 1932ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಮೈದಾನದಲ್ಲಿ ಆಡಿತು. ಮೊದಲ ಗೆಲುವಿಗಾಗಿ ಇಪ್ಪತ್ತು ವರ್ಷ ಕಾಯಬೇಕಾಯಿತು. 1952ರ ಫೆಬ್ರುವರಿ 10ರಂದು ಮದ್ರಾಸಿನಲ್ಲಿ ಇಂಗ್ಲೆಂಡನ್ನು ಒಂದು ಇನ್ನಿಂಗ್ಸ್ ಮತ್ತು 8 ಓಟಗಳಿಂದ ಸೋಲಿಸಿದ ಆ ತಂಡದ ನಾಯಕರು ವಿಜಯ ಹಜಾರೆ. ಅವರು 1915ರಲ್ಲಿ ಸಾಂಗಲಿಯಲ್ಲಿ, ಒಬ್ಬ ಶಾಲಾ ಶಿಕ್ಷಕರ ಮಗನಾಗಿ ಜನಿಸಿದವರು. ಅದಕ್ಕೂ ಮುನ್ನ, 1948ರಲ್ಲಿ ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಅವರು 116 ಮತ್ತು 145 ಓಟ ಗಳಿಸಿ, ಒಂದೇ ಟೆಸ್ಟಿನ ಎರಡೂ ಇನ್ನಿಂಗ್ಸುಗಳಲ್ಲಿ ಶತಕ ಬಾರಿಸಿದ ಪ್ರಥಮ ಭಾರತೀಯರೆನಿಸಿದ್ದರು. ಸಾಂಗಲಿಯಲ್ಲಿಯೇ 1933ರಲ್ಲಿ ಜನಿಸಿದ ನಂದು ನಾಟೇಕರ್ 1956ರಲ್ಲಿ ಕ್ವಾಲಾಲಂಪುರದ ಸೆಲಾಂಗೋರ್ ಪಂದ್ಯಾವಳಿಯನ್ನು ಜಯಿಸಿ, ಬ್ಯಾಡ್ಮಿಂಟನ್‌ನಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಅವರು ತೆರೆದ ದಾರಿಯಲ್ಲಿ ಮುಂದೆ ಸಾಗಿ, 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ದೇಶಕ್ಕೆ ಮೊದಲು ತಂದವರು ಕನ್ನಡಿಗರಾದ ಪ್ರಕಾಶ ಪಡುಕೋಣೆ.

ಆದರೆ ನಮ್ಮ ಹಳ್ಳಿಗಳ ಆಟವೆಂದರೆ ಕುಸ್ತಿ. ಜಾತ್ರೆಯ ಕಣ, ತಾಲೀಮಿನ ಕೆಂಪು ಮಣ್ಣು, ಹಲಗೆಯ ಸದ್ದು ಇವು ಕನ್ನಡ ಮರಾಠಿ ಎಂಬ ಭೇದವನ್ನು ಎಂದೂ ಅರಿತಿಲ್ಲ. 1959ರಲ್ಲಿ ಪ್ರಥಮ ‘ಹಿಂದ್ ಕೇಸರಿ’ಯಾದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ತಾಲೂಕಿನ ಯಕ್ಸಂಬಾದವರು, ಕೀರ್ತಿ ಗಳಿಸಿದ್ದು ಕೊಲ್ಹಾಪುರದ ಮಣ್ಣಿನಲ್ಲಿ. ನಮ್ಮ ನೆರೆಯ ಕವಠೇ ಪಿರಾನದ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಒಂದು ಚಿನ್ನ, ಒಂದು ಬೆಳ್ಳಿ ಗೆದ್ದು ಬಂದರು.

ಇವರೆಲ್ಲರಿಗಿಂತ ಮುನ್ನ ನಡೆದವರು ಕರಾಡ ತಾಲೂಕಿನ ಗೋಳೇಶ್ವರದ ಖಾಶಾಬಾ ಜಾಧವ್. 1926ರಲ್ಲಿ ಜನಿಸಿದ ಅವರು ಹೆಚ್ಚುಕಡಿಮೆ ನಮ್ಮ ಶಾಲೆಯ ಓರಗೆಯವರು. ಮಣ್ಣಿನಲ್ಲಿ ಕುಸ್ತಿ ಕಲಿತ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ರೂಢಿಯಿಲ್ಲದ ಮ್ಯಾಟಿನ ಮೇಲೆ ಸೆಣಸಿ ಆರನೆಯ ಸ್ಥಾನ ಪಡೆದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಆಗ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. ಆ ಪ್ರವಾಸದಿಂದ ಜಾಧವರು ತಂದ ಕಂಚಿನ ಪದಕವೇ ಸ್ವತಂತ್ರ ಭಾರತದ ಪ್ರಥಮ ವೈಯಕ್ತಿಕ ಒಲಿಂಪಿಕ್ ಪದಕ. ನೂರಕ್ಕೂ ಹೆಚ್ಚು ಚಕ್ಕಡಿಗಳ ಮೆರವಣಿಗೆಯಲ್ಲಿ ಊರವರು ಅವರನ್ನು ಬರಮಾಡಿಕೊಂಡರು. ಅನಂತರ ಅವರು ಮಾಡಿದ ಕೆಲಸ ಪದಕಕ್ಕಿಂತ ದೊಡ್ಡದು: ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಗುರುಗಳ ಸಾಲವನ್ನು ತೀರಿಸಿದರು. ಮೊದಲಿಗನ ಹೆಸರನ್ನು ಇತಿಹಾಸ ಬರೆದಿಟ್ಟುಕೊಳ್ಳುತ್ತದೆ. ಮನೆ ಒತ್ತೆಯಿಟ್ಟವರ ಹೆಸರನ್ನು ಸಾಮಾನ್ಯ ಜ್ಞಾನದ ಪುಸ್ತಕ ಕೇಳುವುದಿಲ್ಲ. ಶಾಲೆಯಾದರೂ ಅದನ್ನು ಕಲಿಸಬೇಕು.

ಸಾಧನೆಯಷ್ಟೇ ಮುಖ್ಯವಾದುದು ಅದನ್ನು ಗುರುತಿಸುವ ಸಮಾಜದ ಕಣ್ಣು. ವಾಳವಾ ತಾಲೂಕಿನ ಪೇಠ ಗ್ರಾಮದ ಮುರಳಿಕಾಂತ ಪೇಟ್ಕರ್ ಸೈನ್ಯದಲ್ಲಿ ಮುಷ್ಟಿಯುದ್ಧಪಟುವಾಗಿದ್ದರು. 1965ರ ಯುದ್ಧದಲ್ಲಿ ಗುಂಡುಗಳು ಅವರ ದೇಹವನ್ನು ಜರ್ಜರಗೊಳಿಸಿದವು. ಅವರು ಈಜಿನತ್ತ ಹೊರಳಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ ಗೆದ್ದು, ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನದ ಪದಕ ತಂದರು. ಪದ್ಮಶ್ರೀ ಅವರಿಗೆ ದೊರೆತದ್ದು 2018ರಲ್ಲಿ, ನಲವತ್ತಾರು ವರ್ಷಗಳ ಬಳಿಕ. ಜಾಧವರಿಗಂತೂ ಅರ್ಜುನ ಪ್ರಶಸ್ತಿ ಬಂದದ್ದೇ ಮರಣೋತ್ತರವಾಗಿ.

ಇಲ್ಲಿಯವರೆಗೆ ನಾನು ಹೇಳಿದ ಹೆಸರುಗಳೆಲ್ಲ ಪುರುಷರವೇ. ಇದಕ್ಕೆ ಕಾರಣ ಹೆಣ್ಣುಮಕ್ಕಳಲ್ಲಿ ಶಕ್ತಿಯ ಕೊರತೆಯಲ್ಲ, ಅವಕಾಶದ ಕೊರತೆ. ಭಾರತದ ಮಹಿಳೆಯರು ತಮ್ಮ ಪ್ರಥಮ ಟೆಸ್ಟ್ ಆಡಿದ್ದು 1976ರಲ್ಲಿ, ಪುರುಷರಿಗಿಂತ ನಲವತ್ತನಾಲ್ಕು ವರ್ಷ ತಡವಾಗಿ, ಬೆಂಗಳೂರಿನಲ್ಲಿ. ಆ ತಂಡದ ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಪುರುಷರು ಇಪ್ಪತ್ತು ವರ್ಷ ಕಾದ ಮೊದಲ ಗೆಲುವನ್ನು ಇವರು ಅದೇ ವರ್ಷದ ನವೆಂಬರಿನಲ್ಲಿ, ಪಟ್ನಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸಾಧಿಸಿದರು. ಒಲಿಂಪಿಕ್ಸ್‌ನಲ್ಲಿ ಭಾರತೀಯ ಮಹಿಳೆಯೊಬ್ಬರು ಪದಕ ಪಡೆಯಲು 2000ದವರೆಗೆ, ಕರ್ಣಂ ಮಲ್ಲೇಶ್ವರಿಯವರ ವರೆಗೆ, ಕಾಯಬೇಕಾಯಿತು.

ಸಾಂಗಲಿಯಲ್ಲಿ ಅಣ್ಣನ ಆಟವನ್ನು ನೋಡಿ ಬ್ಯಾಟು ಹಿಡಿದ ಬಾಲಕಿ ಸ್ಮೃತಿ ಮಂಧಾನಾ ಒಂಬತ್ತನೆಯ ವಯಸ್ಸಿನಲ್ಲಿಯೇ ಮಹಾರಾಷ್ಟ್ರದ 15 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದರು. 2013ರಲ್ಲಿ ಗುಜರಾತಿನ ವಿರುದ್ಧ ಅಜೇಯ 224 ಓಟ ಗಳಿಸಿ, ಏಕದಿನ ಪಂದ್ಯದಲ್ಲಿ ದ್ವಿಶತಕ ಬಾರಿಸಿದ ಪ್ರಥಮ ಭಾರತೀಯ ಮಹಿಳೆಯೆನಿಸಿದರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಮಣಿಸಿ ಭಾರತದ ಮಹಿಳೆಯರು ಮೊಟ್ಟಮೊದಲ ವಿಶ್ವಕಪ್ ಗೆದ್ದಾಗ, ಅವರು ಆ ತಂಡದ ಉಪನಾಯಕಿಯಾಗಿದ್ದರು. ಅಣ್ಣನ ಹಿಂದೆ ಮೈದಾನಕ್ಕೆ ಹೊರಟ ಮಗಳನ್ನು ಮನೆಯವರು ತಡೆದಿದ್ದರೆ ಈ ಇತಿಹಾಸ ಬೇರೆಯಾಗುತ್ತಿತ್ತು.

ಇದನ್ನು ಬರೆಯುವಾಗ ನನ್ನ ಮನಸ್ಸು ನನ್ನನ್ನೇ ಪ್ರಶ್ನಿಸುತ್ತದೆ. ಹತ್ತನೆಯ ತರಗತಿಯ ಫಲಿತಾಂಶದ ಚಿಂತೆಯಲ್ಲಿ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಟ್ಟ ಶಿಕ್ಷಕಿಯರಲ್ಲಿ ನಾನೂ ಒಬ್ಬಳು. ಏಳನೆಯ ತರಗತಿಯವರೆಗೆ ಹುಡುಗರನ್ನು ಹಿಂದಿಕ್ಕಿ ಓಡುತ್ತಿದ್ದ ಹುಡುಗಿಯರು ಎಂಟನೆಯ ತರಗತಿಗೆ ಬಂದೊಡನೆ ಮೈದಾನದ ಅಂಚಿನಲ್ಲಿ ಚೀಲಗಳನ್ನು ಕಾಯುತ್ತ ಕುಳಿತದ್ದನ್ನು ಕಂಡೂ ಸುಮ್ಮನಿದ್ದೇನೆ. ‘ಇನ್ನು ದೊಡ್ಡವಳಾದಳು, ಆಟ ಸಾಕ್ರಿ ಬಾಯಿಯವರೆ’ ಎಂದ ತಾಯಂದಿರಿಗೆ ನಾನು ಗಟ್ಟಿಯಾಗಿ ಮರುಮಾತು ಹೇಳಲಿಲ್ಲ. ಆ ಬಾಲಕಿಯರಲ್ಲಿ ಯಾರಿಗೆ ಯಾವ ದಾರಿ ತೆರೆಯುತ್ತಿತ್ತೋ ಈಗ ಹೇಳಲಾಗದು.

ಎಲ್ಲ ಮಕ್ಕಳೂ ಪ್ರಥಮರಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಪ್ರತಿ ಮಗುವಿಗೂ ವಾರದ ಆಟದ ಅವಧಿ ಪೂರ್ಣವಾಗಿ ದೊರೆಯಬೇಕು, ಹೆಣ್ಣುಮಕ್ಕಳಿಗೆ ಹತ್ತನೆಯ ತರಗತಿಯವರೆಗೂ ಮೈದಾನದಲ್ಲಿ ಜಾಗವಿರಬೇಕು. ಶಿಕ್ಷಕ ಬಂಧುಗಳು ಆ ಅವಧಿಯನ್ನು ಕಾಪಾಡಲಿ. ಪಾಲಕರು ಮಗಳ ಬೂಟಿಗೂ ಮಗನ ಬೂಟಿನಷ್ಟೇ ಹಣ ತೆಗೆದಿಡಲಿ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಒಂದು ಸಂಜೆಯನ್ನು ಮೈದಾನದಲ್ಲಿ ಮಕ್ಕಳೊಡನೆ ಕಳೆಯಲಿ. ಖರ್ಡೇಕರರಂತೆ ಮನೆಯನ್ನು ಒತ್ತೆಯಿಡಬೇಕೆಂದು ಯಾರೂ ನಮ್ಮನ್ನು ಕೇಳುತ್ತಿಲ್ಲ. ಕೇಳುತ್ತಿರುವುದು ವಾರದ ಕೆಲವು ಗಂಟೆಗಳನ್ನು ಮಾತ್ರ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಶಾಲೆಯು ಅಷ್ಟನ್ನು ಕೊಡಲೆಂದು ಹಾರೈಸುತ್ತೇನೆ. ಆ ಕೆಲಸವನ್ನು ನನ್ನಿಂದಲೇ ಆರಂಭಿಸುವೆನೆಂದು ಈ ಸಂಚಿಕೆಯ ಮೂಲಕ ಮಾತು ಕೊಡುತ್ತೇನೆ.