ರಕ್ತಹೀನತೆ, ಕಬ್ಬಿಣದ ಕೊರತೆಯ: ಚರಿತ್ರೆ ಮತ್ತು ಎಣ್ಮಕಜೆ ಸೀಮೆ

ಹಿಮೋಗ್ಲೋಬಿನ್ ತಯಾರಿಗೆ ಬೇಕಾದಷ್ಟು ಕಬ್ಬಿಣ ಮೈಗೆ ಸಿಗದಾಗ ಬರುವ ಕಾಯಿಲೆ. ವಯಸ್ಕರ ದೇಹದಲ್ಲಿರುವ ಕಬ್ಬಿಣ ಒಟ್ಟು 3-4 ಗ್ರಾಂ ಮಾತ್ರ. ಅದರ ಬಹುಪಾಲು ಹಿಮೋಗ್ಲೋಬಿನ್ನಿನಲ್ಲಿದೆ. ಅಂಗಾಂಗಗಳಿಗೆ ಆಮ್ಲಜನಕ ಒಯ್ಯುವುದು ಇದೇ ಆದ್ದರಿಂದ ಕೊರತೆಯಾದಾಗ ಆಯಾಸ, ಏದುಸಿರು, ತಲೆಸುತ್ತು ಕಾಣಿಸುತ್ತವೆ. ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಗೆ, ಉಗುರು ಬಿಳಿಚಿಕೊಳ್ಳುತ್ತವೆ. ಮಕ್ಕಳ ಕಲಿಕೆ ಹಿಂದೆ ಬೀಳುತ್ತದೆ. ಗರ್ಭಿಣಿಯರಲ್ಲಿ ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಶಿಶು ಇವುಗಳ ಸಂಭವ ಹೆಚ್ಚು. ಹಿಮೋಗ್ಲೋಬಿನ್ ಡೆಸಿಲೀಟರಿಗೆ ಗರ್ಭಿಣಿಯರಲ್ಲಿ 11, ಇತರ ಸ್ತ್ರೀಯರಲ್ಲಿ 12, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಎಣಿಕೆ.

ಚರಿತ್ರೆ: ಚರಕಸಂಹಿತೆಯ ಚಿಕಿತ್ಸಾಸ್ಥಾನ ಮೈ ಬಿಳಿಚುವ ಪಾಂಡುರೋಗಕ್ಕೆ ಲೋಹಯುಕ್ತ ಔಷಧಗಳನ್ನು ಹೇಳಿದೆ. ಯುರೋಪಿನಲ್ಲಿ 1554ರಲ್ಲಿ ಯೋಹಾನೆಸ್ ಲಾಂಗೆ ಎಳೆಯ ಹೆಣ್ಣುಮಕ್ಕಳು ಬಿಳಿಚಿಕೊಳ್ಳುವ ರೋಗವನ್ನು ವರ್ಣಿಸಿದ. 1832ರಲ್ಲಿ ಫ್ರಾನ್ಸಿನ ಪಿಯೆರ್ ಬ್ಲೋ ಅದಕ್ಕೆ ಕಬ್ಬಿಣದ ಮಾತ್ರೆ ಕೊಟ್ಟು ಗುಣಪಡಿಸಿದ. 1880ರ ಹೊತ್ತಿಗೆ ಆಲ್ಪ್ಸ್ ಪರ್ವತದ ಗೊಥಾರ್ಡ್ ಸುರಂಗದ ಕಾರ್ಮಿಕರ ರಕ್ತ ಬತ್ತಿದ್ದು ಕೊಕ್ಕೆಹುಳುವಿನಿಂದ ಎಂದು ತಿಳಿಯಿತು. ಈ ಹುಳುವಿನ ಮರಿ ಚರ್ಮದ ಮೂಲಕವೇ ಒಳನುಗ್ಗುವುದನ್ನು ಆರ್ಥರ್ ಲೂಸ್ ಕೈರೋದಲ್ಲಿ ಕಂಡುಕೊಂಡ. 1928ರಿಂದ ಮುಂಬಯಿಯ ಗರ್ಭಿಣಿಯರನ್ನು ಪರೀಕ್ಷಿಸಿದ ಲೂಸಿ ವಿಲ್ಸ್, ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲವೆಂದು ತೋರಿಸಿದಳು. ಕಬ್ಬಿಣದ ಮಾತ್ರೆಯಲ್ಲಿ ಇಂದು ಫೋಲಿಕ್ ಆಮ್ಲವೂ ಇರುವುದರ ಮೂಲ ಆ ಸಂಶೋಧನೆಯಲ್ಲಿದೆ.

ಭಾರತ ಸರ್ಕಾರ 1970ರಲ್ಲಿ ಗರ್ಭಿಣಿಯರಿಗೂ ಮಕ್ಕಳಿಗೂ ಮಾತ್ರೆ ಹಂಚುವ ಕಾರ್ಯಕ್ರಮ ಆರಂಭಿಸಿತು. ಹದಿಹರೆಯದವರಿಗೆ ವಾರಕ್ಕೊಂದು ಮಾತ್ರೆಯ ಯೋಜನೆ, 2015ರಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ, 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಬಂದವು.

ಎಣ್ಮಕಜೆ ಸೀಮೆ: ಪೆರ್ಲವನ್ನೊಳಗೊಂಡ ಈ ಗ್ರಾಮ ಪಂಚಾಯತು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯಲ್ಲಿದೆ. ಗಡಿಯ ಇಕ್ಕೆಲಗಳಲ್ಲೂ ಆಹಾರ, ಅಡಕೆ ಕೃಷಿ, ಕನ್ನಡ-ತುಳು ಮಾತು ಒಂದೇ. ಆರೋಗ್ಯ ಯೋಜನೆಗಳು ಮಾತ್ರ ಎರಡು ರಾಜ್ಯಗಳವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15-49 ವಯಸ್ಸಿನ ಸ್ತ್ರೀಯರಲ್ಲಿ ರಕ್ತಹೀನರು ಕೇರಳದಲ್ಲಿ ಶೇ. 36.3, ಕರ್ನಾಟಕದಲ್ಲಿ ಶೇ. 47.8, ದೇಶದಲ್ಲಿ ಶೇ. 57. ಎರಡೂ ರಾಜ್ಯಗಳಲ್ಲಿ ಈ ಪ್ರಮಾಣ ಹಿಂದಿನ ಸಮೀಕ್ಷೆಗಿಂತ ಏರಿದೆ. 2023ರಲ್ಲಿ ಕೇರಳ ‘ವಿವ’ ಅಭಿಯಾನ ಆರಂಭಿಸಿ ಸ್ತ್ರೀಯರ ರಕ್ತಪರೀಕ್ಷೆಗೆ ಒತ್ತು ಕೊಟ್ಟಿತು.

ಮಾತ್ರೆ ಹಂಚಿದರಷ್ಟೇ ಸಾಲದೆಂಬುದು ಈ ಚರಿತ್ರೆಯ ಪಾಠ. ಹುರುಳಿ, ನುಗ್ಗೆಸೊಪ್ಪು, ಹರಿವೆಗಳಲ್ಲಿ ಕಬ್ಬಿಣವಿದೆ, ಆದರೆ ಅದು ಮೈಗೆ ಹತ್ತುವುದು ಕಡಿಮೆ. ಊಟದೊಂದಿಗೆ ನೆಲ್ಲಿಕಾಯಿ, ಲಿಂಬೆ ಇದ್ದರೆ ಹೀರಿಕೆ ಹೆಚ್ಚುತ್ತದೆ. ಊಟದ ಜತೆಗಿನ ಚಹಾ ಅದನ್ನು ತಡೆಯುತ್ತದೆ. ಕೊಕ್ಕೆಹುಳುವಿರುವ ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಚಪ್ಪಲಿಯೂ ಶೌಚಾಲಯವೂ ಔಷಧದಷ್ಟೇ ಮುಖ್ಯ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ಅದಕ್ಕೂ ಚಿಕಿತ್ಸೆ ಆಗಬೇಕು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಿದರೆ ಮಾತ್ರ ದೇಹದ ಕಬ್ಬಿಣದ ದಾಸ್ತಾನು ತುಂಬುತ್ತದೆ.